ಸುಮ್ಮನಿರುವವರ ಪಟ್ಟಿ

ಗೋಣಿಕೊಪ್ಪದ ಕಾಫಿ ಕ್ಯೂರಿಂಗಿನಲ್ಲಿ
ರಾತ್ರಿ ಪಾಳಿ ನನ್ನದು.
ಮೂವತ್ತೆರಡು ಕಂಪ್ಯೂಟರು, ಒಂದು ಸರ್ವರು,
ಒಮ್ಮೆಗೆ ಇಪ್ಪತ್ತೇ ಜನ ಒಳಗಿರಲು ಪರವಾನಗಿ.
ಇಪ್ಪತ್ತೊಂದನೆಯವನು ಹೊರಗೆ ನಿಂತು ಬೈಯುತ್ತಾನೆ,
ಫೋನಿನಲ್ಲಿ, ನನ್ನನ್ನೇ.

ಅದಕ್ಕೇ ಈ ಪಟ್ಟಿ:
ಒಳಗಿದ್ದೂ ಏನೂ ಮಾಡದೆ ಕೂತವರು ಯಾರು,
ಎಷ್ಟು ನಿಮಿಷದಿಂದ.
ಹದಿನೈದು ದಾಟಿದರೆ ಕಡಿ, ಅಂತ ಸುತ್ತೋಲೆ.
ಕಡಿಯುವುದೇನು ಮಹಾ,
ಗಿಡದ ಕಂಬಚಿಗುರು ಮುರಿದಷ್ಟೇ ಸಲೀಸು:
ಒಂದು ಹೆಸರು, ಒಂದು ಬೆರಳು.

ವೇಬ್ರಿಡ್ಜು, ನಲವತ್ತೆರಡು ನಿಮಿಷ.
ಮುರಿದೆ.
ತಕ್ಷಣ ರಜಾಕನ ಫೋನು:
"ಪಾಲಿಬೆಟ್ಟದ ದಾರಿಗೆ ಆನೆ ನಿಂತಿದೆ ಅಕ್ಕಾ,
ಅದರ ಹಿಂದೆ ನಾಲ್ಕು ಲಾರಿ.
ನಾನು ಇಲ್ಲಿ ಏನನ್ನ ತೂಗಲಿ, ಮಂಜನ್ನಾ?"
ಪಟ್ಟಿಯಲ್ಲಿ ಆನೆಗೆ ಕಾಲಂ ಇಲ್ಲ.

ರುಚಿಕೋಣೆ, ಹದಿನೇಳು.
ಬೆರಳು ಎತ್ತಿದವಳು ಗಾಜಿನಾಚೆ ನೋಡಿದೆ.
ಐದು ಬಟ್ಟಲು. ಪೂವಯ್ಯನವರು ಕೈ ಹಿಂದೆ ಕಟ್ಟಿ
ಮೇಲೆ ಕಟ್ಟಿದ ಕೆನೆ ಒಡೆಯುವ ಹೊತ್ತಿಗೆ ಕಾಯುತ್ತಿದ್ದಾರೆ.
ಆಮೇಲೆ ಚಮಚ, ಮೂಗು, ಆ ದೊಡ್ಡ ಸೊರ್ ಶಬ್ದ,
ಆಮೇಲೆ ಕಣ್ಣು ಮುಚ್ಚಿ ಎಲ್ಲೋ ಹೋಗಿಬಿಡುತ್ತಾರೆ,
ಯಾವ ತೋಟ, ಯಾವ ಕಣ,
ಯಾರು ಹಣ್ಣನ್ನು ಒಂದು ರಾತ್ರಿ ಹೆಚ್ಚು ನೆನೆಸಿಟ್ಟರು.
ಕೊನೆಗೆ ಕೀಲಿಮಣೆಗೆ ಬಂದು ಒತ್ತುವುದು ಒಂದೇ ಅಂಕಿ.
ಮುನ್ನೂರು ಚೀಲದ ಬೆಲೆ ಆ ಒಂದರ ಮೇಲೆ.
ನನ್ನ ಯಂತ್ರ ಹೇಳುತ್ತದೆ: ಈ ಮನುಷ್ಯ ಸುಮ್ಮನಿದ್ದ.

ಇನ್ನು ಗೋದಾಮು ಮೂರು.
ಅದು ಯಾವತ್ತೂ ಸಿಕ್ಕಿಬೀಳದು.
ಹನ್ನೆರಡು, ಹದಿಮೂರು, ಹದಿನಾಲ್ಕು,
ಮತ್ತೆ ಸೊನ್ನೆ.
ರಾತ್ರಿಯಿಡೀ ಹೀಗೇ, ಉಸಿರಾಡಿದ ಹಾಗೆ.
ಮೊಣ್ಣಪ್ಪ ಎಂಥ ಕೆಲಸಗಾರ ಎಂದು
ಒಂದು ತಿಂಗಳು ಒಳಗೊಳಗೇ ಮೆಚ್ಚಿದ್ದೆ.

ಮೊನ್ನೆ ಪಕ್ಕದ ಗೋದಾಮಿನ ಕೇಬಲು ಇಲಿ ಕಡಿದು
ಎರಡು ಗಂಟೆಗೆ ಟಾರ್ಚು ಹಿಡಿದು ಹೋದೆ.
ಮೊಣ್ಣಪ್ಪ ಇರಲಿಲ್ಲ, ಅವನ ಕುರ್ಚಿಯ ಮೇಲೆ ಸ್ವೆಟರು.
ಸಿಪ್ಪೆಯ ಧೂಳಿನ ನಡುವೆ ಬೊಳ್ಳಿ ಗುಡಿಸುತ್ತಿದ್ದಳು,
ಚೀಲದ ಸಾಲು ಸುತ್ತಿ ಬಂದು
ಪೊರಕೆಯ ಹಿಡಿಯಿಂದ ಒಂದು ಕೀಲಿ ಒತ್ತಿ
ಮತ್ತೆ ಸುತ್ತಲು ಹೊರಟಳು.

"ಮಲಗಿಬಿಟ್ರೆ ಇದು ಏಳೋದಿಲ್ಲಂತೆ,
ನೋಡ್ಕೋ ಅಂತ ಹೇಳಿ ಹೋಗಿದ್ದಾರೆ.
ಒತ್ತಿದ್ರೆ ಆ ಕಡೆ ಏನಾಗ್ತದೆ ಅಕ್ಕಾ?"
ಏನಿಲ್ಲ, ನನ್ನ ಪರದೆಯಲ್ಲಿ ಸೊನ್ನೆ ಬೀಳುತ್ತದೆ ಎಂದೆ.
"ಸೊನ್ನೆ ಒಳ್ಳೇದಾ?"
ಇದೊಂದು ಕಡೆ ಮಾತ್ರ.
ನಕ್ಕಳು, ಸೆರಗಿನಿಂದ ಪರದೆಯ ಧೂಳು ಒರೆಸಿದಳು,
ಕೂಸಿನ ಮೂತಿ ಒರೆಸಿದ ಹಾಗೆ.

ಇವತ್ತು ಹೊಸ ಸುತ್ತೋಲೆ. ಇನ್ನು ಹತ್ತೇ ನಿಮಿಷ.
ಕೊಯ್ಲಿನ ಸಮಯ, ಗೋದಾಮು ಸೂರಿನ ತನಕ ತುಂಬಿದೆ,
ಬೊಳ್ಳಿಯ ಸುತ್ತು ಇನ್ನೂ ಉದ್ದವಾಗುತ್ತದೆ.
ಮೊಣ್ಣಪ್ಪನ ವಿಷಯ ಬೆಳಿಗ್ಗೆ ನೋಡೋಣ.
ವಿನಾಯಿತಿಯ ಪುಟ ತೆರೆದು
ಗೋದಾಮು ಮೂರಕ್ಕೆ ಹದಿನೆಂಟು ಎಂದು ಬರೆದೆ.
ಕಾರಣ: ಗುಡಿಸುವುದು.
ರುಚಿಕೋಣೆಗೆ ಮೂವತ್ತು.
ಕಾರಣ: ಬಾಯಲ್ಲಿ ಕಾಫಿ.
ವೇಬ್ರಿಡ್ಜಿಗೆ ಎಷ್ಟೆಂದು ಹಾಕುವುದು?
ಆನೆಯನ್ನು ಕೇಳಿದವರಿಲ್ಲ.
ಆ ಜಾಗ ಖಾಲಿ ಬಿಟ್ಟು,
ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ.