ಲೋಪ, ಆಗಮ, ಆದೇಶ

ಮಕಾಸ್ಸರಿನ ಬಾಡಿಗೆ ಕೋಣೆಯಲ್ಲಿ ಫ್ಯಾನು ಆರಿಸಿ
(ಅದರ ಸದ್ದಿಗೆ ಪದಗಳ ಬಾಲ ಕೇಳಿಸುವುದಿಲ್ಲ)
ಇಯರ್‌ಫೋನು ಸಿಕ್ಕಿಸಿಕೊಂಡು ಬೆವರುತ್ತ
ಎರಡನೇ ಸೆಮಿಸ್ಟರಿನವರ ಇಪ್ಪತ್ತಾರು ಇಂಗ್ಲಿಷ್ ಭಾಷಣಗಳಿಂದ
ತಪ್ಪು ಹೆಕ್ಕುತ್ತಿದ್ದೇನೆ, ಅಕ್ಕಿಯಿಂದ ಕಲ್ಲು ಹೆಕ್ಕಿದ ಹಾಗೆ.

ಬಿಟ್ಟದ್ದು ಲೋಪ. ಕರೆಯದೆ ಬಂದದ್ದು ಆಗಮ.
ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಆದೇಶ.
ನಾಲ್ಕನೆಯದು ಪಲ್ಲಟ, ಅದಕ್ಕೆ ಗಿರಾಕಿ ಕಡಿಮೆ.
"ಎಣಿಸು ಬೆಸ್ಸೆ, ಮರುಗಬೇಡ" ಅಂದಿದ್ದಾರೆ
ನನ್ನ ಗೈಡು, ಪಾಕ್ ಮಪ್ಪಸೊಂಬ.

ತೆನ್ರಿಯಾಳ ಅಮ್ಮ ಮೂರು ನಿಮಿಷ ಪೂರ್ತಿ ಗಂಡಸು.
ಅವನು ಸಾರೊಂಗ್ ನೇಯ್ದ, ಅವನು ನನ್ನನ್ನು ಹೆತ್ತ,
ಕ್ಷಮಿಸಿ, ಹೆತ್ತಳು,
ಆಮೇಲೆ ಮತ್ತೆ ಅವನೇ ನನಗೆ ಜಡೆ ಹಾಕಿದ.
ನಮ್ಮಲ್ಲಿ ಇಬ್ಬರಿಗೂ ಒಂದೇ ಸರ್ವನಾಮ.
ನಾಲಿಗೆ ಕಚ್ಚಿಕೊಂಡು ತಾನೇ ತಿದ್ದಿಕೊಂಡಳಲ್ಲ,
ಅದನ್ನು ತಪ್ಪಿಗೆ ಹಾಕಲೋ, ಸರಿಗೆ ಹಾಕಲೋ?
ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟು ಮುಂದೆ ಹೋದೆ.

ಜುಮ್ರಾನಿಯದರಲ್ಲಿ ಒಂದೂ ತಪ್ಪಿಲ್ಲ.
ಹಾಳೆ ತಿರುವಿದ ಸದ್ದು, ಐದು ಸಲ.

"ನನ್ನ ಅಪ್ಪ ಮೀನುಗಾರ."
ಅಂಬೊ ತುವೊ ಶುರುಮಾಡಿದ್ದು ಹೀಗೆ.
ಇದರಲ್ಲಿ ಏನು ಕಾಣೆಯಾಗಿದೆ, ಹೇಳಿ?
ನಮ್ಮ ಮಾತಿನಲ್ಲಿ ಅಪ್ಪನೂ ಮೀನುಗಾರನೂ
ಅಂಟಿಕೊಂಡೇ ಕೂರುತ್ತಾರೆ, ಒಂದೇ ಚಾಪೆಯ ಮೇಲೆ.
ಇಂಗ್ಲಿಷಿಗೆ ಮಾತ್ರ ನಡುವೆ ಒಬ್ಬ ದಲ್ಲಾಳಿ ಬೇಕು.
ಲೋಪ, ಒಂದು.

ಆಮೇಲೆ ಅವನ ಅಪ್ಪ ಕಡಲಿಗೆ ಹೋಗು.
ನಸುಕಿನಲ್ಲಿ ಏಳು, ದೋಣಿ ತಳ್ಳು, ಕೆಮ್ಮು, ನಗು.
ಬರೀ ಧಾತು, ಮೈಮೇಲೆ ಪ್ರತ್ಯಯದ ಚೂರು ಬಟ್ಟೆಯಿಲ್ಲ.
ಒಟ್ಟು ಹದಿನಾಲ್ಕು. ದನಿ ಸಣ್ಣಗೆ ನಡುಗುತ್ತಿತ್ತು.
'ಅಲೆ ದೊಡ್ಡದು' ಎಂದವನು ಏಳು ಸೆಕೆಂಡು ಸುಮ್ಮನಾದ;
ಯಾರೋ ಬೆಂಚು ಜರುಗಿಸಿದರು.
ನನಗೆ ಗೊತ್ತಾಗಿಹೋಯಿತು.
ಹೋದರು, ಎದ್ದರು, ತಳ್ಳಿದರು, ಕೆಮ್ಮಿದರು, ನಕ್ಕರು:
ಸತ್ತವರಿಗೆ ಸಲ್ಲಬೇಕಾದ ಭೂತಕಾಲವನ್ನು
ಹದಿನಾಲ್ಕು ಸಲ ಕೆಂಪು ಶಾಯಿಯಲ್ಲಿ ಬರೆದೆ.
ಷರಾ: ಕಾಲದೋಷ.
ಒಂದಿಷ್ಟು ಮರುಗಿದೆ ಕೂಡ, ಗೈಡಿಗೆ ಹೇಳಲಿಲ್ಲ.

ಆಡಿದವರನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು, ಅದು ವಿಧಾನ.
ಬೆಳಿಗ್ಗೆ ಆರಕ್ಕೆ ಪಾವೊತೆರೆ ಬಂದರಿಗೆ ಹೋದೆ,
ಸಂತಾಪದ ಎರಡು ವಾಕ್ಯ ಬಾಯಿಪಾಠ ಮಾಡಿಕೊಂಡು.
ಅಂಬೊ ತುವೊ ಮೊಣಕಾಲುದ್ದ ಬೂಟಿನಲ್ಲಿ ಬುಟ್ಟಿ ಎತ್ತುತ್ತಿದ್ದ.
"ಅಪ್ಪನಾ? ಅಗೋ" ಎಂದ.
ಐಸು ಒಡೆಯುತ್ತಿದ್ದವರು ಈ ಕಡೆ ನೋಡಿ
ಕೆಮ್ಮಿದರು, ನಕ್ಕರು.
ಹದಿಮೂರು, ಹದಿನಾಲ್ಕು.
"ಮತ್ತೆ ಆ ಏಳು ಸೆಕೆಂಡು?"
"ಮುಂದಿನ ವಾಕ್ಯ ಮರೆತೇಹೋಯಿತು ಅಕ್ಕ, ಕಾಲು ಬೇರೆ ನಡುಗುತ್ತಿತ್ತು.
ಮಾರ್ಕು ಕಟ್ಟಾಯಿತಾ?"

ಸಂಜೆ ಕೂತು ಹದಿನಾಲ್ಕನ್ನೂ ಅಳಿಸಿದೆ.
ತಪ್ಪಂತೂ ಹೌದು, ವರ್ತಮಾನಕ್ಕೂ ಒಂದು ಪುಟ್ಟ ಬಾಲ ಬೇಕಿತ್ತು;
ಒಂದು ಮನೆಯಿಂದ ಪಕ್ಕದ ಮನೆಗೆ ದಾಟಿಸಿದೆ ಅಷ್ಟೆ.
ಮೊತ್ತ ಇನ್ನೂರ ಹತ್ತೇ.
ನಾನೇ ಮುಳುಗಿಸಿದ್ದ ಮನುಷ್ಯ ದಡಕ್ಕೆ ಬಂದದ್ದು
ಕೋಷ್ಟಕದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಹೊರಡುವಾಗ ಅವರು ಎರಡು ಮೀನು ಕಟ್ಟಿಕೊಟ್ಟಿದ್ದರು.
"ತಗೋ ಮಗಳೇ, ಇಕಾಂಗ್" ಎಂದು.
'ಇಕಾನ್' ಎಂದು ನಿಲ್ಲಲಾರದ ಈ ಕಡೆಯ ನಾಲಿಗೆ,
ಜಕಾರ್ತದವರು ಇದಕ್ಕೇ ನಮ್ಮನ್ನು ನಗುವುದು.
ಅದು ಉಚ್ಚಾರದ ವಿಷಯ, ನನ್ನ ವ್ಯಾಪ್ತಿಗೆ ಬರುವುದಿಲ್ಲ.
"ಒಳ್ಳೇ ಇಕಾಂಗ್" ಎಂದೆ ನಾನೂ.

ಹುರಿದು ತಿಂದು, ಬೆರಳು ಒರೆಸಿಕೊಂಡು
ಹದಿನೆಂಟನೇ ಭಾಷಣ ಒತ್ತಿದೆ. ಯಾರೋ ಗಂಟಲು ಸರಿಮಾಡಿಕೊಂಡರು.