ಬೆನ್ನು ನನ್ನದು

ಪರದೆಯ ಮೇಲೆ ಹೆಪ್ಪುಗಟ್ಟಿದ ಹೊಳೆ ದಾಟುತ್ತಿದ್ದಾಳಲ್ಲ,
ಆ ಬೆನ್ನು ನನ್ನದು.
ಮುಖ ಸ್ಟಾಕ್‌ಹೋಮಿನವಳದು.

ಇಪ್ಪತ್ತೊಂದನೇ ಇಸವಿ, ಮಾರ್ಚಿ ತಿಂಗಳು.
ಯೂಸ್ನನ್ ಹೊಳೆ ಒಳಗೊಳಗೇ ಸಡಿಲಗೊಂಡು
ರಾತ್ರಿಯೆಲ್ಲ ಹಲ್ಲು ಕಡಿಯುತ್ತಿತ್ತು.
ಮೂರು ಜಾರುಬಂಡಿಗಳಲ್ಲಿ ಬಂದಿಳಿದರು,
ಪೆಟ್ಟಿಗೆ, ಮುಕ್ಕಾಲಿ,
ಮೂಲೆ ಮಡಿಚಿ ಮಡಿಚಿ ಸೊರಗಿದ ಒಂದು ಕಾದಂಬರಿ.

ನಟಿ ಒಳ್ಳೆಯವಳೇ. ಅಳು ಎಂದರೆ ಅಳುತ್ತಿದ್ದಳು,
ಬೇಕೆಂದರೆ ಒಂದೇ ಕಣ್ಣಲ್ಲಿ.
ಕಾಲಡಿಯ ಗಡ್ಡೆ ಕಟಕ್ಕೆಂದಾಗ ಮಾತ್ರ
ಕೂತವಳು ಏಳಲಿಲ್ಲ.
ದಿಮ್ಮಿ ತೇಲಿಸುವವನ ಮಗಳಿದ್ದಾಳೆ ಎಂದರು ಯಾರೋ.
ಹೀಗೆ ಅವಳ ಶಾಲು ನನ್ನ ಹೆಗಲಿಗೆ ಬಂತು.
ಐದು ಕ್ರೋನಾ. ಶಾಲು ವಾಪಸು ಕೊಡಬೇಕು.

ಕಥೆ ಏನೆಂದು ಕೇಳಿದೆ.
ಪಾದ್ರಿಯ ಹೆಂಡತಿ ಓದಿದ್ದಳು, ಪಿಸುಗುಟ್ಟಿದಳು:
ಹುಡುಗಿ ಹೊಳೆಗೆ ನಡೆಯುತ್ತಾಳೆ, ತಿರುಗಿ ನೋಡುವುದಿಲ್ಲ,
ಅಲ್ಲಿಗೆ ಪುಟ ಮುಗಿಯುತ್ತದೆ.
ಸಾಯಲು ಹೊರಟವರ ನಡಿಗೆ ನನಗೇನು ಗೊತ್ತು?
ತುಂಬಿದ ಹಾಲಿನ ಬಕೀಟು ಹಿಡಿದ ಹಾಗೆ ನಡೆದೆ.

ಕ್ಯಾಮೆರಾದ ಹಿಡಿಕೆ ಗರಗರ ಗರಗರ.
ಅಷ್ಟರಲ್ಲಿ ದಡದಿಂದ ನನ್ನ ತಮ್ಮ ಎಸ್ಕಿಲ್:
"ಡಾಗ್ನೀ! ಹಸು ಈಯ್ತಾ ಇದೆ! ಕರು ಅಡ್ಡ ಬಿದ್ದಿದೆ!"

ತಿರುಗಿದೆ.
ಯಾರು ತಿರುಗುವುದಿಲ್ಲ, ಹೇಳಿ?

ನಿರ್ದೇಶಕರು ಬೈಯಲಿಲ್ಲ. ಸುಮ್ಮನೆ ಟೋಪಿ ತೆಗೆದರು.
ಶಾಲಿನಲ್ಲೇ ಓಡಿದೆ. ಮೊಣಕೈವರೆಗೆ ಕೈಯಿಟ್ಟು
ಕರುವನ್ನು ನೇರ ಮಾಡಿ ಎಳೆದೆವು, ಅಮ್ಮ ಮತ್ತು ನಾನು.
ಅದು ಬದುಕಿತು. ಶಾಲಿನ ಕಲೆ ಹೋಗಲಿಲ್ಲ;
ಐದರಲ್ಲಿ ಎರಡು ಮುರಿದುಕೊಂಡರು.

ಈಗ ನನಗೆ ಎಂಬತ್ತೆರಡು. ಊರ ಸಭಾಭವನದಲ್ಲಿ
ಉಪ್ಸಾಲದಿಂದ ಬಂದ ಕನ್ನಡಕದ ಹುಡುಗ ವಿವರಿಸುತ್ತಾನೆ:
ಕಾದಂಬರಿಯಲ್ಲಿ ಇಲ್ಲದ ಆ ಒಂದು ನೋಟದಲ್ಲಿ
ಹೆಣ್ಣೊಬ್ಬಳು ಲೋಕಕ್ಕೆ ವಿದಾಯ ಹೇಳುತ್ತಾಳೆ,
ಎಲ್ಲರನ್ನೂ ಕ್ಷಮಿಸುತ್ತಾಳೆ.
ಮುಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು.

ಅಷ್ಟು ದೂರದಲ್ಲಿ ಮುಖ ಬಾರ್ಲಿ ಕಾಳಿನಷ್ಟು,
ಯಾರದೆಂದು ನಾನೂ ಪ್ರಮಾಣ ಮಾಡಲಾರೆ.
ಹೇಗೂ ಇದು ಮುಖ ನೋಡಿ ಮಣೆ ಹಾಕುವ ಲೋಕ,
ಬೆನ್ನಿಗೆ ಹಿಂದಿನ ಸಾಲಿನ ಮಡಿಸುವ ಕುರ್ಚಿ ಸಾಕು.

ಆದರೆ ಆ ಹುಡುಗನಿಗೆ ಗೊತ್ತಿಲ್ಲ,
ಚೌಕಟ್ಟಿನ ಈಚೆ, ಮುಕ್ಕಾಲಿಯ ಪಕ್ಕದಲ್ಲಿ,
ಹನ್ನೆರಡು ವರ್ಷದ ಒಬ್ಬ, ಅಪ್ಪನ ಬೂಟು ಹಾಕಿಕೊಂಡು
ಎರಡೂ ಕೈ ಬಾಯಿಗಿಟ್ಟು ಕೂಗುತ್ತಿದ್ದಾನೆ.
ಮರುವರ್ಷ ದಿಮ್ಮಿಯಿಂದ ದಿಮ್ಮಿಗೆ ಹಾರುತ್ತ
ಇದೇ ಹೊಳೆಯಲ್ಲಿ ಹೋದ.
ಅವನ ಒಂದು ಫೋಟೋ ಇಲ್ಲ ನಮ್ಮಲ್ಲಿ.

ಮೂಕಿ ಚಿತ್ರ. ಪಿಯಾನೋ ಬೇರೆ.
ಆದರೂ ಕೇಳುತ್ತದೆ ನನಗೆ.

ಪ್ರಶ್ನೆಗಳಿವೆಯೇ ಎಂದ ಹುಡುಗ, ದೀಪ ಹಾಕಿ.
ಇಲ್ಲಪ್ಪ, ಎಂದೆ.
ಅದೊಂದನ್ನೇ ಇನ್ನೊಮ್ಮೆ ಹಾಕು.