ಉಳಿದ ಬಣ್ಣ

ದಿನಕ್ಕೆ ನಾನೂರೈವತ್ತು, ಮಧ್ಯಾಹ್ನ ಪೊಟ್ಟಣದ ಚಿತ್ರಾನ್ನ.
ಸರ್ವೆಯವರ ಕೋಲು ಹಿಡಿದು ನಿಲ್ಲುವುದು,
ಅವರು ಕೈ ಎತ್ತಿದಲ್ಲಿ
ಕೆಂಪು ಬಳಿಯುವುದು. ಅಷ್ಟೇ ಕೆಲಸ.

ನಂದಿಗೆ ಬಳಿದೆ, ಮತ್ತಿಗೆ, ಬಂಡೆಯ ಎದೆಗೆ.
ಮೊದಮೊದಲು ಗೆರೆ ನನ್ನ ಮೊಣಕಾಲಿಗೆ,
ಹಾಡಿ ಹತ್ತಿರಾದಂತೆ ಕೊರಳಿಗೆ,
ಆಮೇಲೆ ಏಣಿ ಬೇಕಾಯಿತು.

ನಮ್ಮ ಜೇನುಮರದಲ್ಲಿ
ಮೂರಾಳು ಎತ್ತರ.
ಅಜ್ಜ ಬೊಳಕ ಬಡಿದಿದ್ದ ಬಿದಿರ ಗೂಟಗಳ ಮೇಲೇ ಕಾಲಿಟ್ಟು ಹತ್ತಿ
ಬಳಿದು, ಕೆಳಗೆ ನೋಡಿದೆ:
ಸೂರು, ಒಲೆಯ ಹೊಗೆ,
ಅಜ್ಜಿಯನ್ನು ಮಣ್ಣು ಮಾಡಿದಲ್ಲಿ ನೆಟ್ಟ ಕಲ್ಲು,
ಎಲ್ಲ ನನ್ನ ಬ್ರಷ್ಷಿನ ಕೆಳಗೆ.

"ಹಕ್ಕುಪತ್ರ ಇದೆಯಾ?"
ಸಾಹೇಬರು ಕೇಳಿದ್ದು ಮಾಚಿಯನ್ನು.
"ಹೊಳೆಗಿದೆಯಾ?" ಅಂದಳು,
ಗೆಣಸು ಅಗೆಯುವುದನ್ನು ನಿಲ್ಲಿಸದೆ.

ಡಬ್ಬದಲ್ಲಿ ಅರ್ಧ ಉಳಿದಿತ್ತು.
ರಾತ್ರಿ ನಾನೇ ತಂದು ಬೆಂಕಿಯ ಪಕ್ಕ ಇಟ್ಟೆ.
ಯಾರೂ ನನ್ನ ಮುಖ ನೋಡಲಿಲ್ಲ.
ಮಾಚಿ ಮಾತ್ರ ಬೆರಳದ್ದಿ
ನನ್ನ ಹಣೆಗೊಂದು ಗೆರೆ ಎಳೆದಳು.

ಬಣ್ಣ ಸಾಲದ್ದಕ್ಕೆ ಕೆಮ್ಮಣ್ಣು ಕಲಸಿದೆವು.
ಬೆಳಗಾಗುವಷ್ಟರಲ್ಲಿ ಗೆರೆಯಿಲ್ಲದ ಮರವಿಲ್ಲ.
ಬೇರಿಗೆ, ಕೊಂಬೆಗೆ, ಗುಡ್ಡದ ನೆತ್ತಿಗೆ,
ಗೋಣಿಕೊಪ್ಪದ ದಾರಿಯ ಮೈಲಿಕಲ್ಲಿಗೆ,
ಎಸ್ಟೇಟಿನ ಗೇಟಿಗೆ,
ಐಬಿಯ ಮುಂದೆ ನಿಂತ ಜೀಪಿನ ಗಾಜಿಗೆ.

ಸಾಹೇಬರು ಕನ್ನಡಕ ಒರೆಸಿ ಒರೆಸಿ ನೋಡಿದರು.
"ನೀರು ಎಲ್ಲಿ ನಿಲ್ಲುತ್ತದೋ ಮಾರಾಯ?"
ಕೋಲು ಹಿಡಿದು ನಿಂತಿದ್ದೆ.
ಮೂರು ದಿನದ ಕೂಲಿ ಬಾಕಿ ಇತ್ತು.
ಈಗ ನಾನು ಕೈ ಎತ್ತಿದೆ,
ಐಬಿಯ ಹೆಂಚಿನ ಕಡೆಗೆ:
ಇನ್ನೂ ಮೇಲೆ ಸಾರ್,
ಇನ್ನೂ.